ಮೇಸ್ತ್ರಿಗಳ ಹಣ್ಣಿನ ಚೆಕ್‌ರೋಲ್

ಗ್ಲೂಕೋಮೀಟರಿನಲ್ಲಿ ಮುನ್ನೂರ ಹನ್ನೆರಡು ಎಂದು ಬಂದಾಗ ನಾನು ಮೊದಲು ಬೈದದ್ದು ಗ್ಲೂಕೋಮೀಟರನ್ನು. ಬಾಳೂರು ಕಡೆಯ ನಮ್ಮ ಉಪಕೇಂದ್ರದಲ್ಲಿ ಮಳೆಗಾಲ ಬಂತೆಂದರೆ ಪರೀಕ್ಷೆಯ ಸ್ಟ್ರಿಪ್ಪುಗಳಿಗೂ ಥಂಡಿ ಹಿಡಿಯುತ್ತದೆ. ಡಬ್ಬಿಯ ಮುಚ್ಚಳ ಒಂದು ಚೂರು ಸಡಿಲವಾದರೆ ಸಾಕು, ಬಾಯಿಗೆ ಬಂದ ಅಂಕಿ ಹೇಳುತ್ತವೆ. ಹೊಸ ಡಬ್ಬಿ ಒಡೆದೆ. ಎದುರಿಗೆ ಕೂತಿದ್ದ ಮೇಸ್ತ್ರಿಗಳ ಇನ್ನೊಂದು ಬೆರಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಪೂರ್ತಿ ಆರಲು ಬಿಟ್ಟು, ಮತ್ತೆ ಚುಚ್ಚಿದೆ. ಮೊದಲ ಹನಿಯನ್ನು ಹತ್ತಿಯಲ್ಲಿ ತೆಗೆದು ಎರಡನೇ ಹನಿ ಹಾಕಿದೆ. ಮುನ್ನೂರ ಎಂಟು. ಯಂತ್ರ ಪಾಪ ನಿಜವನ್ನೇ ಹೇಳಿತ್ತು.

"ಎಷ್ಟು ಬಂತು ಸಿಸ್ಟರೇ?" ಎಂದು ಮೇಸ್ತ್ರಿಗಳು ಕೇಳಿದರು. ಅಂಕಿ ಅವರ ಮೂಗಿನ ಮುಂದೆಯೇ ಇತ್ತು. ಆದರೆ ಎರಡೂ ಕಣ್ಣಿಗೆ ಪೊರೆ ಬಂದು ಅವರಿಗೆ ಅದು ಕಾಣುತ್ತಿರಲಿಲ್ಲ.

ಇಡೀ ಕಥೆ ಇರುವುದು ಆ ಪೊರೆಯಲ್ಲೇ. ಇವರು ನಮ್ಮ ಮೇಲಿನ ಕಾಫಿ ಎಸ್ಟೇಟಿನ ಮೇಸ್ತ್ರಿ, ಐವತ್ತೆಂಟು ವರ್ಷ, ನಲವತ್ತು ಆಳುಗಳನ್ನು ನಡೆಸುವವರು. ಕೊಯ್ಲಿನ ದಿನಗಳಲ್ಲಿ ಸಂಜೆ ಒಬ್ಬೊಬ್ಬರ ಚೀಲವನ್ನೂ ಸುರಿಸಿ, ಕೆಂಪು ಹಣ್ಣಿನ ನಡುವೆ ಹಸಿರು ಕಾಯಿ ಸೇರಿದೆಯೇ ಎಂದು ನೋಡಿ ಪಾಸು ಮಾಡುವುದು ಅವರ ಕೆಲಸ. ಮೂವತ್ತು ವರ್ಷ ಅವರ ಕಣ್ಣು ತಪ್ಪಿಸಿ ಒಂದು ಕಾಯಿಯೂ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹೋಗಿರಲಿಲ್ಲವಂತೆ. ಹೋದ ವರ್ಷ ರಾಶಿರಾಶಿ ಹೋಯಿತು. ಎಸ್ಟೇಟಿನ ಯಜಮಾನರು ಒಳ್ಳೆಯವರು, ಗದರಲಿಲ್ಲ. ಈ ವರ್ಷ ಕಣ್ಣು ಸರಿಯಾಗದಿದ್ದರೆ ಗೇಟು ನೋಡಿಕೊಳ್ಳಿ ಎಂದು ಮೆತ್ತಗೆ ಹೇಳಿದ್ದರು. ಗದರಿದ್ದರೇ ವಾಸಿಯಿತ್ತು ಎಂದು ಮೇಸ್ತ್ರಿಗಳ ಹೆಂಡತಿ ನನ್ನ ಹತ್ತಿರ ಹೇಳಿದ್ದುಂಟು.

ಪೊರೆಯ ಆಪರೇಶನ್ನಿಗೆ ಚಿಕ್ಕಮಗಳೂರಿನ ಕಣ್ಣಾಸ್ಪತ್ರೆಗೆ ಒಮ್ಮೆ ಹೋಗಿಯೂ ಬಂದಿದ್ದರು. ಖಾಲಿ ಹೊಟ್ಟೆಯ ಶುಗರು ನೂರ ನಲವತ್ತರೊಳಗೆ ಬರಬೇಕು, ಬಿ.ಪಿ. ಹತೋಟಿಯಲ್ಲಿರಬೇಕು, ಆಮೇಲೆ ಬನ್ನಿ ಎಂದು ವಾಪಸು ಕಳಿಸಿದ್ದರು. ಜುಲೈ ಮುಗಿಯುತ್ತಿತ್ತು. ಅರೇಬಿಕಾ ಹಣ್ಣಾಗುವುದು ನವೆಂಬರ್ ಕೊನೆಗೆ. ನಾಲ್ಕು ತಿಂಗಳಲ್ಲಿ ಈ ಮನುಷ್ಯನ ಶುಗರು ಇಳಿಸಬೇಕಾದವಳು ನಾನು, ಇಳಿಯುವ ಬದಲು ಅದು ಮುನ್ನೂರು ದಾಟಿತ್ತು.

ಏನು ತಿಂದಿರಿ ಎಂದು ಕೇಳಿದೆ. ಹಣ್ಣು ಎಂದರು. ಬೇರೆ? ಬೇರೆ ಎಂತದೂ ಇಲ್ಲ, ಹತ್ತೊಂಬತ್ತು ದಿನದಿಂದ ಬರೀ ಹಣ್ಣೇ ಎಂದು ಹೆಮ್ಮೆಯಿಂದ ಹೇಳಿದರು. ಯಾರೋ ಅವರ ಫೋನಿಗೆ ಒಂದು ವಿಡಿಯೋ ಕಳಿಸಿದ್ದರು. ಕಣ್ಣಿಗೆ ಕಾಣದಿದ್ದರೇನು, ಕಿವಿಗೆ ಕೇಳುತ್ತದಲ್ಲ. ಇಪ್ಪತ್ತೊಂದು ದಿನ ಹಣ್ಣು ಮಾತ್ರ ತಿನ್ನಿ, ಮಾತ್ರೆ ಬಿಸಾಡಿ, ಶುಗರೂ ಬಿ.ಪಿ.ಯೂ ಓಡಿಹೋಗುತ್ತವೆ ಎಂದು ಅದರಲ್ಲೊಬ್ಬರು ಖಡಾಖಂಡಿತವಾಗಿ ಹೇಳಿದ್ದರಂತೆ. ಮೇಸ್ತ್ರಿಗಳು ಶಿಸ್ತಿನ ಮನುಷ್ಯ, ಹಿಡಿದ ಕೆಲಸ ಅರ್ಧಕ್ಕೆ ಬಿಡುವವರಲ್ಲ. ಮಾತ್ರೆಗಳನ್ನು ಬಾಳೆಬುಡಕ್ಕೆ ಹಾಕಿದರು. ಬೆಳಿಗ್ಗೆ ಹಲಸು, ಮಧ್ಯಾಹ್ನ ಪುಟ್ಟಬಾಳೆ, ರಾತ್ರಿ ಸಪೋಟ. 'ಹಸಿದು ಹಲಸು, ಉಂಡು ಮಾವು' ಅಂತ ಹಿರಿಯರೇ ಹೇಳಿದಾರಲ್ಲ ಎಂದು ನನಗೇ ಗಾದೆ ಹೇಳಿದರು. ಹಸಿದವರು ಎಷ್ಟು ತೊಳೆ ತಿನ್ನಬೇಕು ಅಂತ ಹಿರಿಯರು ಹೇಳಲಿಲ್ಲವಾ ಎಂದು ಕೇಳಿದೆ. ಬಿ.ಪಿ. ನೋಡಿದರೆ ನೂರ ಅರವತ್ತೆಂಟಕ್ಕೆ ನೂರ ಎರಡು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಅವತ್ತೇ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಶುಗರ್ ಇದ್ದವರು ಹಣ್ಣು ಮುಟ್ಟಬಾರದು' ಎಂದು ಬರೆದು ಗೋಡೆಗೆ ತೂಗುಹಾಕಿದೆ. ಮೇಸ್ತ್ರಿಗಳಿಗೆ ಅದೂ ಕಾಣಲಿಲ್ಲ. ಆಶಾ ಕಾರ್ಯಕರ್ತೆ ಗಟ್ಟಿಯಾಗಿ ಓದಿ ಹೇಳಿದಳು. ಅವರು ಕೊಡೆ ಎತ್ತಿಕೊಂಡು, "ಹಣ್ಣು ಮುಟ್ಟೋದೇ ನನ್ನ ಕೆಲಸ ಸಿಸ್ಟರೇ. ಮುಟ್ಬೇಡಿ ಅಂದ್ರೆ ಎಂತ ಮಾಡದು?" ಎಂದು ಹೇಳಿ ಹೊರಟುಹೋದರು.

ಮುಂದಿನ ಎರಡು ವಾರ ಅವರು ಕೇಂದ್ರದ ಕಡೆ ತಲೆ ಹಾಕಲಿಲ್ಲ. ನಾನೇ ಮನೆಗೆ ಹೋದೆ. ಹೆಂಡತಿ ಒಬ್ಬರೇ ಇದ್ದರು. ಮಾತ್ರೆ ಈಗಲೂ ತಿನ್ನುತ್ತಿಲ್ಲ, ಹಣ್ಣನ್ನು ಈಗ ಕದ್ದು ತಿನ್ನುತ್ತಾರೆ, ಮೊದಲು ಎದುರಿಗೆ ತಿನ್ನುತ್ತಿದ್ದಾಗ ಲೆಕ್ಕವಾದರೂ ಸಿಗುತ್ತಿತ್ತು ಎಂದರು. ನನ್ನ ರಟ್ಟು ಮಾಡಿದ ಘನಕಾರ್ಯ ಅಷ್ಟೇ.

ಆ ತಿಂಗಳ ಮೀಟಿಂಗಿನಲ್ಲಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಈ ಪುರಾಣವೆಲ್ಲ ಹೇಳಿದೆ. ಅವರು ಮೇಸ್ತ್ರಿಗಳನ್ನು ಬೈಯುತ್ತಾರೆಂದು ಕಾದಿದ್ದೆ. ಬೈಸಿಕೊಂಡವಳು ನಾನು. ಶುಗರಿನವರು ಹಣ್ಣು ಮುಟ್ಟಬಾರದು ಎಂದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು. ಇಡೀ ಹಣ್ಣಿನಲ್ಲಿ ನಾರಿದೆ, ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಹೊಟ್ಟೆ ತುಂಬುತ್ತದೆ, ಅನ್ನ ಕಡಿಮೆಯಾಗುತ್ತದೆ. ಹಣ್ಣಿನಲ್ಲಿರುವ ಪೊಟ್ಯಾಸಿಯಂ ಬಿ.ಪಿ.ಗೂ ಒಳ್ಳೆಯದು. ಆದರೆ ಯಾವ ಹಣ್ಣು, ಎಷ್ಟು, ಯಾವುದರ ಬದಲಿಗೆ, ಅದನ್ನು ಕೂತು ಹೇಳಬೇಕು. ಮಾತ್ರೆ ಬಿಡುವಂತಿಲ್ಲ. ಮೊದಲು ಕಿಡ್ನಿಯ ರಕ್ತಪರೀಕ್ಷೆ ಆಗಲಿ, ಕಿಡ್ನಿ ಸೋತಿದ್ದರೆ ಅದೇ ಪೊಟ್ಯಾಸಿಯಂ ಮುಳ್ಳಾಗುತ್ತದೆ. ಇಷ್ಟು ಹೇಳಿ, 'ಆ ಮನುಷ್ಯ ಹತ್ತೊಂಬತ್ತು ದಿನ ಪಥ್ಯ ಮಾಡಿದಾನಲ್ಲ, ಅಷ್ಟು ಛಲ ಇರೋ ಪೇಶಂಟು ನಮಗೆ ಬೇರೆ ಯಾರಿದಾರೆ' ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಾನು ಹಣ್ಣಿನ ಜೊತೆ ಜಗಳಕ್ಕೆ ನಿಂತಿದ್ದೆ, ಮೇಸ್ತ್ರಿಗಳು ಹಣ್ಣಿನ ಪಕ್ಷ. ಜಗಳದಲ್ಲಿ ಮಾತ್ರೆಗಳು ಬಾಳೆಬುಡ ಸೇರುತ್ತಿದ್ದವು. ಹಣ್ಣನ್ನೇ ಮಾತ್ರೆಯ ಪಕ್ಷಕ್ಕೆ ಕರೆತರುವುದು ಎಂದು ತೀರ್ಮಾನಿಸಿದೆ. ಕೇಂದ್ರಕ್ಕೆ ಬಂದು ರಟ್ಟು ಕಿತ್ತೆ. ಹಿಂಬದಿ ಖಾಲಿಯಿತ್ತು, ವ್ಯರ್ಥ ಮಾಡುವುದೇಕೆಂದು ಎತ್ತಿಟ್ಟೆ.

ಕಿಡ್ನಿಯ ರಿಪೋರ್ಟು ಚೆನ್ನಾಗಿಯೇ ಬಂತು. ಅದನ್ನೂ ಒಂದು ಕೈಚೀಲದ ತುಂಬ ಹಣ್ಣನ್ನೂ ಹಿಡಿದುಕೊಂಡು ಮೇಸ್ತ್ರಿಗಳ ಮನೆಗೆ ಹೋದೆ. ಅವರ ಮುಖ ನೋಡುವಂತಿತ್ತು. ಹಣ್ಣು ತಿನ್ನಿ, ಆದರೆ ನಾನು ಹೇಳಿದ ಹಾಗೆ ಎಂದೆ. ಇಡೀ ಹಣ್ಣು, ಜ್ಯೂಸು ಬೇಡ. ಒಂದು ಸಲಕ್ಕೆ ಒಂದು ಹಿಡಿ. ಹಣ್ಣು ತಿಂದರೆ ಅಷ್ಟು ಅನ್ನವೋ ಕಡುಬೋ ತಟ್ಟೆಯಿಂದ ಇಳಿಯಬೇಕು, ಊಟ ಮಾಡಿ ಮೇಲೆ ಹಣ್ಣು ಎನ್ನುವ ಹಾಗಿಲ್ಲ. ಉಪ್ಪಿನಕಾಯಿ, ಒಣಮೀನು ವಾರಕ್ಕೊಮ್ಮೆ. ಮಾತ್ರೆ ತಿಂದ ದಿನ ಮಾತ್ರ ಹಣ್ಣು.

ಅವರು ಒಂದೊಂದು ಹಣ್ಣನ್ನೂ ಕೈಯಲ್ಲಿ ಹಿಡಿದು ತೂಗಿ ನೋಡಿದರು. ಕೊನೆಗೆ, ಯಾವ ಹಣ್ಣಿಗೆ ಎಷ್ಟು ಕೆಲಸ ಅಂತ ಗೊತ್ತಾಗಬೇಕಾದರೆ ಚೆಕ್‌ರೋಲ್ ಬೇಕಾಗುತ್ತದೆ ಎಂದರು. ಚೆಕ್‌ರೋಲ್ ಎಂದರೆ ಎಸ್ಟೇಟಿನ ಹಾಜರಿ ಪುಸ್ತಕ. ಮರುದಿನವೇ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ ಹತ್ತಿರ ಒಂದು ಹಳೆಯದನ್ನು ಕೇಳಿ ತಂದರು. ಆಳುಗಳ ಹೆಸರಿರುವ ಕಡೆ ಹೆಂಡತಿಯ ಕೈಲಿ ಹಣ್ಣುಗಳ ಹೆಸರು ಬರೆಸಿದರು. ಮುಂದಿನ ಚೌಕಗಳಲ್ಲಿ ತಾವೇ ಕೈ ತಡವಿ ದೊಡ್ಡದಾಗಿ ಗುರುತು ಹಾಕುತ್ತಿದ್ದರು. ಪೇರಳೆ, ಹಾಜರಿ. ಪಪ್ಪಾಯಿ, ಹಾಜರಿ. ಬಾಳೆಹಣ್ಣು, ಅರ್ಧ ದಿನ. ಸಪೋಟ, ರಜೆ. ಹಲಸಿನ ಎದುರು 'ಕೆಲಸದಿಂದ ತೆಗೆದಿದೆ' ಎಂದು ಬರೆಸಿದ್ದರು. ಎಲ್ಲಕ್ಕಿಂತ ಮೇಲೆ, ಖಾಯಂ ಆಳುಗಳ ಜಾಗದಲ್ಲಿ, ಮಾತ್ರೆಗಳ ಹೆಸರಿತ್ತು. ನನ್ನ ಕೆಲಸದಲ್ಲಿ ಬೇಕಾದಷ್ಟು ರಿಜಿಸ್ಟರು ನೋಡಿದ್ದೇನೆ, ಇಷ್ಟು ಚಂದದ್ದು ನೋಡಿರಲಿಲ್ಲ.

ಹೆಚ್ಚು ಪಾಡು ಪಟ್ಟದ್ದು ಬೆಣ್ಣೆಹಣ್ಣಿಗೆ. ಅದೇ, ಬಟರ್ ಫ್ರೂಟು. ಎಸ್ಟೇಟಿನಲ್ಲಿ ನೆರಳಿಗೆಂದು ಹಾಕಿದ ಮರಗಳು ಗೊಂಚಲು ಗೊಂಚಲು ಬಿಡುತ್ತವೆ. ಎಲ್ಲ ಲಾರಿ ಹತ್ತಿ ಹೋಗುತ್ತದೆ, ಆಳುಗಳು ಇರುವ ಲೈನು ಮನೆಗಳಲ್ಲಿ ಯಾರೂ ತಿನ್ನುವುದಿಲ್ಲ. ಸಕ್ಕರೆ ತೀರ ಕಡಿಮೆ, ಬಿ.ಪಿ.ಗೂ ಒಳ್ಳೆಯದು ಎಂದು ನಾನು ಹೇಳಿದ್ದಕ್ಕೆ ಮೇಸ್ತ್ರಿಗಳು ಒಂದು ಚೂರು ಬಾಯಿಗಿಟ್ಟು, ಸೋಪು ತಿಂದ ಹಾಗಿದೆ ಎಂದರು. ಅವರ ಹೆಂಡತಿ ಉಪ್ಪು, ಖಾರ ಹಾಕಿ ಕಲಸಿದರು. ನಾನು ಉಪ್ಪಿಗೆ ಅಡ್ಡ ಬಂದೆ. ಆಮೇಲೆ ನಿಂಬೆರಸ, ಎಸ್ಟೇಟಿನದೇ ಕಾಳುಮೆಣಸಿನ ಪುಡಿ, ಹಸಿ ಈರುಳ್ಳಿ ಹಾಕಿ ಒಂದು ಗೊಜ್ಜಿನಂಥದ್ದು ಮಾಡಿದರು. ಅರ್ಧ ಅಕ್ಕಿರೊಟ್ಟಿಯ ಜೊತೆ ಅದು ಒಳಗೆ ಹೋಯಿತು. ಮರುದಿನ ಚೆಕ್‌ರೋಲಿನಲ್ಲಿ 'ಬೆಣ್ಣೆಹಣ್ಣು, ಹೊಸ ಆಳು' ಎಂದಿತ್ತು.

ಆರು ವಾರದಲ್ಲಿ ಊಟವಾದ ಎರಡು ಗಂಟೆಯ ಶುಗರು ಇನ್ನೂರ ತೊಂಬತ್ತರಿಂದ ನೂರ ಎಪ್ಪತ್ತರ ಆಸುಪಾಸಿಗೆ ಇಳಿಯಿತು. ಬಿ.ಪಿ. ನೂರ ಮೂವತ್ತಾರಕ್ಕೆ ಎಂಬತ್ನಾಲ್ಕು. ತೂಕ ನಾಲ್ಕು ಕಿಲೋ ಕಡಿಮೆ. ಹಣ್ಣಿನಿಂದ ಆಯಿತೋ ಮಾತ್ರೆಯಿಂದ ಆಯಿತೋ ಎಂದು ಹೇಳಲು ನನ್ನ ಹತ್ತಿರ ತಕ್ಕಡಿ ಇಲ್ಲ. ಇಬ್ಬರೂ ಹಾಜರಿದ್ದರು, ಅಷ್ಟು ಗೊತ್ತು.

ಆದರೆ ಖಾಲಿ ಹೊಟ್ಟೆಯ ಶುಗರು ಮಾತ್ರ ಕದಲಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಕೇಂದ್ರದಲ್ಲಿ ಖಾಲಿ ಹೊಟ್ಟೆಯ ಪರೀಕ್ಷೆ ಇರುತ್ತದೆ. ಎಂಟು ಗಂಟೆಗೆಲ್ಲ ಜಗಲಿಯ ಬೆಂಚು ಭರ್ತಿ. ಆಶಾ ಕಾರ್ಯಕರ್ತೆ ದೊಡ್ಡ ಫ್ಲಾಸ್ಕಿನಲ್ಲಿ ಬೆಲ್ಲದ ಕಪ್ಪು ಕಾಫಿ ತರುತ್ತಾಳೆ, ಮೊದಲ ಲೋಟ ನನಗೆ. ಕಡೂರು ಕಡೆಯವಳಾದ ನನಗೆ ಈ ಕಾಫಿಯ ಹುಚ್ಚು ಹಿಡಿದದ್ದು ಇಲ್ಲಿಗೆ ಬಂದ ಮೇಲೆ. ಅದನ್ನು ಕುಡಿದು, ಒಳಗೆ ಕೂತು, ಒಬ್ಬೊಬ್ಬರನ್ನೇ ಕರೆಯುತ್ತೇನೆ. ಏನೂ ತಿಂದಿಲ್ಲ ತಾನೇ ಎಂದು ಎಲ್ಲರನ್ನೂ ಕೇಳುತ್ತೇನೆ. ಏನೂ ತಿಂದಿಲ್ಲ ಎನ್ನುತ್ತಾರೆ. ಮೇಸ್ತ್ರಿಗಳದು ನೂರ ತೊಂಬತ್ತೆರಡು. ಮರುವಾರ ನೂರ ಎಂಬತ್ತೆಂಟು. ಅದರ ಮರುವಾರ ನೂರ ತೊಂಬತ್ತು. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಮಾಡಿಸೋಣವೆಂದರೆ ಹಲಸು ತಿಂದ ದಿನಗಳೂ ಅದರೊಳಗೇ ಸೇರಿಕೊಂಡಿರುತ್ತವೆ.

ಅಕ್ಟೋಬರಿನ ಮೊದಲ ವಾರ ಧೈರ್ಯ ಮಾಡಿ ಕಣ್ಣಾಸ್ಪತ್ರೆಗೆ ಹೋದೆವು, ನಾನೂ ಜೊತೆಗೆ. ಬೆಳಗಿನ ಮೊದಲ ಬಸ್ಸು, ಏನೂ ತಿಂದಿರಲಿಲ್ಲ. ಅಲ್ಲಿಯ ಯಂತ್ರದಲ್ಲೂ ನೂರ ಎಂಬತ್ತಾರು. ಈ ಸಕ್ಕರೆಯಲ್ಲಿ ಗಾಯ ಕೀವಾದರೆ ಕಣ್ಣೇ ಹೋಗುತ್ತದೆ ಎಂದು ಅಲ್ಲಿಯ ಡಾಕ್ಟರು ಎರಡನೇ ಸಲ ವಾಪಸು ಕಳಿಸಿದರು.

ವಾಪಸು ಬರುವ ಬಸ್ಸು ಮೂಡಿಗೆರೆ ದಾಟಿತು. ಮೇಸ್ತ್ರಿಗಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಗೇಟ್ ಕೆಲಸಕ್ಕೆ ಕುರ್ಚಿ ಕೊಡ್ತಾರಂತೆ ಸಿಸ್ಟರೇ. ಕೂತ್ಕಂಡೇ ಇರ್ಬಹುದು" ಎಂದರು. ನನಗೆ ಅಳು ಬಂತು. ಚೆಕ್‌ರೋಲ್ ಅವರ ತೊಡೆಯ ಮೇಲಿತ್ತು, ಆಸ್ಪತ್ರೆಯಲ್ಲಿ ತೋರಿಸಬೇಕೆಂದು ತಂದಿದ್ದರು, ಯಾರೂ ಕೇಳಿರಲಿಲ್ಲ.

ನಮ್ಮ ಡಾಕ್ಟರು ಮಾತ್ರೆ ಹೆಚ್ಚಿಸಬೇಕು, ಅದಕ್ಕೂ ಬಗ್ಗದಿದ್ದರೆ ಇನ್ಸುಲಿನ್ ಎಂದರು. ನಾನು ಒಂದು ವಾರ ಸಮಯ ಕೊಡಿ ಸರ್ ಎಂದೆ. ಯಾಕೆ ಎಂದು ಕೇಳಿದರು, ಲೆಕ್ಕ ತಾಳೆಯಾಗುತ್ತಿಲ್ಲ ಎಂದೆ. ಊಟದ ನಂತರದ ಸಕ್ಕರೆ ನೂರ ಎಪ್ಪತ್ತು, ಊಟವಿಲ್ಲದ ಸಕ್ಕರೆ ನೂರ ತೊಂಬತ್ತು. ಉಂಡಾಗ ಕಡಿಮೆ, ಉಪವಾಸ ಇದ್ದಾಗ ಹೆಚ್ಚು. ಕೆಲವರಿಗೆ ಹಾಗಾಗುವುದುಂಟು, ಪುಸ್ತಕದಲ್ಲಿ ಕಾರಣಗಳೂ ಇವೆ. ಆದರೂ ಮಾತ್ರೆ ಹೆಚ್ಚಿಸುವ ಮೊದಲು ಈ ಮನುಷ್ಯನ ಬೆಳಗನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನಿಸಿತು. ಏನು ತಿಂದಿರಿ ಎಂದು ಕುರ್ಚಿಯಲ್ಲಿ ಕೂತು ಕೇಳುವುದು ಸಾಕಾಗಿತ್ತು.

ಮಾರನೇ ದಿನ ಬೆಳಿಗ್ಗೆ ಆರಕ್ಕೇ ಸ್ಕೂಟರಿನಲ್ಲಿ ಅವರ ಮನೆ ಮುಟ್ಟಿದೆ. ನನ್ನ ಎದುರಿಗೇ ಮುಖ ತೊಳೆದರು, ಕೊಡೆ ತೆಗೆದುಕೊಂಡರು, ಒಂದು ಕಾಳು ಬಾಯಿಗೆ ಹಾಕಲಿಲ್ಲ. ಬೆಳಗಿನ ಅವರ ಮೊದಲ ಕೆಲಸ ಆಳು ಕರೆಯುವುದು. ಲೈನು ಮನೆಗಳ ಮುಂದೆ ಹಾದು, ಇವತ್ತು ಯಾರು ಬರುತ್ತಾರೆ, ಯಾರಿಗೆ ಹುಷಾರಿಲ್ಲ ಎಂದು ಕೇಳಿಕೊಂಡು ಹೋಗಬೇಕು. ನಾನೂ ಹಿಂದೆ ಹೊರಟೆ.

ಮೊದಲ ಮನೆಯ ಹೆಂಗಸು ಇಬ್ಬರಿಗೂ ಅರ್ಧರ್ಧ ಲೋಟ ಬೆಲ್ಲದ ಕಾಫಿ ತಂದುಕೊಟ್ಟಳು. ಚಳಿಗೆ ಹಿತವಾಗಿತ್ತು, ಕುಡಿದೆ. ಎರಡನೇ ಮನೆಯಲ್ಲೂ ಅರ್ಧ ಲೋಟ, ಅಲ್ಲಿ ಶುಂಠಿ ಹಾಕಿದ್ದರು. ಕುಡಿದೆ. ಮೂರನೇ ಮನೆಯ ಜಗಲಿಯಲ್ಲಿ ಕೂತು, ಲೋಟ ಊದಿಕೊಳ್ಳುತ್ತ, ಎಷ್ಟು ಚಂದದ ಬೆಲ್ಲದ ಪಾಕ ಎಂದುಕೊಳ್ಳುವಾಗ ನನ್ನ ಕೈ ನಿಂತಿತು.

"ಮೇಸ್ತ್ರಿಗಳೇ, ಇದು ಎಷ್ಟನೇ ಲೋಟ?"

"ಕಾಫಿನ ಯಾರು ಎಣಿಸ್ತಾರೆ ಸಿಸ್ಟರೇ?"

"ದಿನಾ ಎಷ್ಟು ಮನೇಲಿ ಕುಡೀತೀರಿ?"

"ಆರು. ಬೇಡ ಅಂದ್ರೆ ಮೇಸ್ತ್ರಿಗೆ ನಮ್ಮನೆ ಮೇಲೆ ಎಂತದೋ ಸಿಟ್ಟು ಅಂದ್ಕಳ್ತಾರೆ. ಆಮೇಲೆ ಆಳು ಬರದಿಲ್ಲ."

"ರಕ್ತ ಕೊಡೋಕೆ ಬರೋ ಶನಿವಾರನೂ?"

"ಹೌದು ಮತ್ತೆ. ಹೊಟ್ಟೆಗೆ ಎಂತದೂ ಹಾಕಿರಲ್ಲ, ನೀವು ಹೇಳ್ದಂಗೆ. ಬರೀ ಕಾಫಿ."

ಚಿಕ್ಕಮಗಳೂರಿಗೆ ಹೋದ ದಿನವೂ ಬಸ್ಸಿಗೆ ಮೊದಲು ಆರು ಮನೆ ಮುಗಿಸಿಯೇ ಬಂದಿದ್ದರು. ಮೂರು ಲೋಟದ ಬೆಲ್ಲವನ್ನು ಬೆಳಗಿನ ಜಾವ ಇಳಿಸಿಕೊಂಡವರ ಶುಗರನ್ನು ನಾನು ಒಂದೂವರೆ ತಿಂಗಳಿಂದ ಉಪವಾಸದ್ದೆಂದು ಬರೆದಿದ್ದೆ. ಇದನ್ನು ಯಾಕೆ ನನಗೆ ಹೇಳಲಿಲ್ಲ, ಚೆಕ್‌ರೋಲಿನಲ್ಲಿ ಯಾಕೆ ಬರೆಯಲಿಲ್ಲ ಎಂದು ದನಿ ಏರಿಸಿದೆ. ಮೇಸ್ತ್ರಿಗಳಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಕಾಫಿ ಬೆಳೆಯುವ ಊರಿನಲ್ಲಿ ಕಾಫಿಯನ್ನು ಯಾರೂ ಆಹಾರವೆಂದು ಎಣಿಸುವುದಿಲ್ಲ, ಉಸಿರಾಡಿದ್ದನ್ನು ಯಾರಾದರೂ ಬರೆದಿಡುತ್ತಾರೆಯೇ. ಅವರು ಸಂಕೋಚದಿಂದಲೇ ಹೇಳಿದರು.

"ಅಲ್ಲ ಸಿಸ್ಟರೇ, ನಿಮ್ಮ ಸೆಂಟರಲ್ಲೂ ಬೆಂಚಲ್ಲಿ ಕೂತ ಕೂಡ್ಲೆ ಕಾಫಿ ಕೊಡ್ತಾರಲ್ಲ. ಮಗಳು ಬಸುರಿ ಇದ್ದಾಗ ಎಂತದೋ ಸಿಹಿನೀರು ಕುಡ್ಸಿ ರಕ್ತ ತೆಗ್ದಿದ್ರಿ. ಇದೂ ಹಂಗೇ, ಪರೀಕ್ಷೆಗೆ ಬೇಕಾದ್ದು ಅಂದ್ಕಂಡಿದ್ದೆ."

ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ಅಲ್ಲಿಯವರೆಗೆ ಬರೀ ಕೇಳಿದ್ದೆ. ಫ್ಲಾಸ್ಕಿನ ಕಾಫಿ ಪರೀಕ್ಷೆ ಮುಗಿಸಿ ಹೋಗುವವರಿಗೆ ಎಂದುಕೊಂಡಿದ್ದೆ. ನಾನು ಒಳಗೆ ಕೂತಿರುತ್ತಿದ್ದೆ, ಜಗಲಿ ಕಾಣುತ್ತಿರಲಿಲ್ಲ. ಸ್ಕೂಟರು ಓಡಿಸಿಕೊಂಡು ಸೀದಾ ಆಶಾ ಕಾರ್ಯಕರ್ತೆಯ ಮನೆಗೆ ಹೋದೆ. ಶನಿವಾರದ ಕಾಫಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು, ಮೂರ್ನಾಲ್ಕು ಕಿಲೋಮೀಟರು ಚಳಿಯಲ್ಲಿ ನಡೆದು ಬಂದ ಮುದುಕರನ್ನು ಬಾಯಿ ಒಣಗಿಸಿ ಕೂರಿಸುವುದಾ ಸಿಸ್ಟರ್, ಮನಸ್ಸು ಬರಲಿಲ್ಲ, ಒಬ್ಬೊಬ್ಬರಿಗೆ ಅರ್ಧ ಲೋಟ ಅಷ್ಟೇ ಎಂದು ತಾನೇ ಎಲ್ಲ ಹೇಳಿಬಿಟ್ಟಳು. ಅವಳ ಮೇಲೆ ಹೇಗೆ ಸಿಟ್ಟು ಮಾಡುವುದು. ಮೊದಲ ಲೋಟ ಕುಡಿಯುತ್ತಿದ್ದವಳು ನಾನು.

ಡಾಕ್ಟರಿಗೆ ಫೋನಿನಲ್ಲಿ ಹೇಳುವಾಗ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಫ್ಲಾಸ್ಕು ಬರಲು ಶುರುವಾದ ಮೇಲಿನ ಎಂಟು ತಿಂಗಳ ಶನಿವಾರಗಳು, ಅಷ್ಟೂ ಅಂಕಿ ಅನುಮಾನದವು. ಇಬ್ಬರಿಗೆ ಅದನ್ನು ನೋಡಿಯೇ ಮಾತ್ರೆ ಹೆಚ್ಚಿಸಿದ್ದೆವು. ಡಾಕ್ಟರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ, ಆ ಇಬ್ಬರನ್ನು ಇವತ್ತೇ ಕರೆಸಿ, ಉಳಿದವರದು ಈ ವಾರವೇ ಮತ್ತೆ ಆಗಲಿ, ರಿಜಿಸ್ಟರಿನಲ್ಲಿ ಹಳೆಯದನ್ನು ಹೊಡೆದುಹಾಕಿ ಕಾರಣ ಬರೆದು ಸಹಿ ಹಾಕಿ ಎಂದರು. ಹಾಕಿದೆ. ಆ ಇಬ್ಬರಿಗೂ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ಎತ್ತಿಟ್ಟ ರಟ್ಟಿನ ಹಿಂಬದಿಗೆ ಆಗ ಕೆಲಸ ಬಂತು. 'ಖಾಲಿ ಹೊಟ್ಟೆ ಎಂದರೆ ಕಾಫಿಯೂ ಇಲ್ಲ, ನೀರು ಮಾತ್ರ' ಎಂದು ಬರೆದು ಅದೇ ಮೊಳೆಗೆ ತೂಗುಹಾಕಿದೆ. ಫ್ಲಾಸ್ಕು ಈಗ ಒಳಗೆ ನನ್ನ ಮೇಜಿನ ಮೇಲಿರುತ್ತದೆ, ಬೆರಳು ಕೊಟ್ಟವರಿಗೆ ಮಾತ್ರ ಕಾಫಿ, ಅದೂ ಬೆಲ್ಲ ಬೇರೆ ಡಬ್ಬಿಯಲ್ಲಿ, ಬೇಕಾದವರು ಹಾಕಿಕೊಳ್ಳಬೇಕು.

ಇನ್ನು ಉಳಿದದ್ದು ಆ ಆರು ಮನೆ. ಬೆಲ್ಲ ಹಾಕದ ಕಾಫಿ ಕೊಡಿ ಎನ್ನೋಣವೆಂದರೆ ಬೆಲ್ಲ ಹಾಕಿಯೇ ಪಾತ್ರೆಯಲ್ಲಿ ಕುದಿಸುತ್ತಾರೆ. ನಾನೇ ಮನೆಮನೆಗೆ ಹೋಗಿ, ಮೇಸ್ತ್ರಿಗಳಿಗೆ ಕಾಫಿ ಕೊಡಬೇಡಿ, ಕಣ್ಣಿನ ಆಪರೇಶನ್ನು ನಿಂತಿದೆ ಎಂದು ಹೇಳಿ ಬಂದೆ. ಎಲ್ಲರೂ ಅಯ್ಯೋ ಪಾಪ ಎಂದರು. ಮರುದಿನದಿಂದ ಕಾಫಿ ನಿಂತಿತು. ಸಿಸ್ಟರು ಹಣ್ಣು ಒಳ್ಳೆಯದು ಅಂದಿದಾರಲ್ಲ ಎಂದು ಆರು ಮನೆಯಲ್ಲೂ ಒಂದೊಂದು ಬಾಳೆಹಣ್ಣು ಕೊಡಲು ಶುರು ಮಾಡಿದರು. ಚೆಕ್‌ರೋಲಿನಲ್ಲಿ ಬಾಳೆಹಣ್ಣಿನ ಸಾಲಿನಲ್ಲಿ ಒಂದೇ ದಿನಕ್ಕೆ ಆರು ಗುರುತು ಕಂಡಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ದಾರಿ ಹುಡುಕಿದವರು ಮೇಸ್ತ್ರಿಗಳ ಹೆಂಡತಿ. ಕೆಲಸಕ್ಕೆ ಬರುವವರು ಬೆಳಿಗ್ಗೆ ತಮ್ಮ ಕಾಫಿ ಮುಗಿಸಿ, ಮನೆಯ ಎಷ್ಟು ಜನ ಬರುತ್ತಾರೋ ಅಷ್ಟು ಲೋಟವನ್ನು ಜಗಲಿಯ ಮೇಲೆ ಬೋರಲು ಹಾಕಿಡಲಿ ಎಂದರು. ಬೋರಲು ಹಾಕಿದ ಲೋಟಕ್ಕೆ ಯಾರೂ ಕಾಫಿ ಬಗ್ಗಿಸುವುದಿಲ್ಲ, ಯಾರಿಗೂ ಬೇಸರವೂ ಇಲ್ಲ. ಮೇಸ್ತ್ರಿಗಳು ದಾರಿಯಲ್ಲೇ ನಿಂತು ಲೋಟ ಎಣಿಸಿದರೆ ಆಳು ಎಣಿಸಿದ ಹಾಗಾಯಿತು. ಸ್ಟೀಲು ಹೊಳೆಯುವುದರಿಂದ ಪೊರೆ ಬಂದ ಕಣ್ಣಿಗೂ ಅಷ್ಟಿಷ್ಟು ಗೊತ್ತಾಗುತ್ತಿತ್ತು. ಮೊದಲೆರಡು ದಿನ ಲೈನಿನ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮೂರನೇ ದಿನದಿಂದ ಅದೇ ಪದ್ಧತಿಯಾಯಿತು.

ಹತ್ತು ದಿನ ಬಿಟ್ಟು ಶನಿವಾರ ಮೇಸ್ತ್ರಿಗಳು ಬಂದರು. ಈ ಸಲ ನೀರೊಂದೇ. ಬೆರಳು ಒರೆಸಿದೆ, ಆರಲು ಬಿಟ್ಟೆ, ಚುಚ್ಚಿದೆ. ಯಂತ್ರ ಐದು ಸೆಕೆಂಡು ತೆಗೆದುಕೊಳ್ಳುತ್ತದೆ. ನೂರ ಮೂವತ್ತೊಂದು. ಎಷ್ಟು ಬಂತು ಎಂದು ಅವರು ಕೇಳುವ ಮೊದಲೇ ನಾನು ಕುರ್ಚಿ ಬಿಟ್ಟು ಎದ್ದಿದ್ದೆ. ಜಗಲಿಯಿಂದ ಆಶಾ ಕಾರ್ಯಕರ್ತೆ ಓಡಿಬಂದಳು. ಇನ್ಸುಲಿನ್ ಮಾತು ಅಲ್ಲಿಗೆ ನಿಂತಿತು. ನವೆಂಬರಿನ ಮೊದಲ ವಾರ ಕಣ್ಣಾಸ್ಪತ್ರೆಯಲ್ಲಿ ನೂರ ಇಪ್ಪತ್ತಾರು, ಬಿ.ಪಿ. ನೂರ ಮೂವತ್ನಾಲ್ಕಕ್ಕೆ ಎಂಬತ್ತೆರಡು. ಬಲಗಣ್ಣಿನ ಆಪರೇಶನ್ನು ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಮೇಸ್ತ್ರಿಗಳು ಎದುರಿಗೆ ನಿಂತಿದ್ದ ಹೆಂಡತಿಯನ್ನು ನೋಡಿ, ಈ ಸೀರೆ ಕೆಂಪಾ, ನಾನು ಕಂದು ಅಂದುಕೊಂಡಿದ್ದೆ ಎಂದರಂತೆ.

ಎಲ್ಲರಿಗೂ ಹೇಳುವುದನ್ನು ಇಲ್ಲೂ ಹೇಳಿಬಿಡುತ್ತೇನೆ. ಹಣ್ಣಿನಿಂದ ಮೇಸ್ತ್ರಿಗಳ ಶುಗರು ವಾಸಿಯಾಗಲಿಲ್ಲ. ಅದು ಇದೆ, ಇರುತ್ತದೆ, ಮಾತ್ರೆಗಳೂ ಇವೆ. ಹಣ್ಣು ಒಳ್ಳೆಯ ಜೊತೆಯಾಳಾಯಿತು. ಜೊತೆಯಾಳನ್ನೇ ಮೇಸ್ತ್ರಿ ಮಾಡಿದರೆ ಏನಾಗುತ್ತದೆಂದು ಜುಲೈನಲ್ಲಿ ನೋಡಿದ್ದೆವು.

ಡಿಸೆಂಬರಿನ ಮೊದಲ ವಾರ, ಕೊಯ್ಲು ಭರಾಟೆಯಲ್ಲಿರುವಾಗ, ಬೆಳಿಗ್ಗೆ ಎಂಟರ ಸುಮಾರಿಗೆ ಮೇಸ್ತ್ರಿಗಳು ಕೇಂದ್ರಕ್ಕೆ ಬಂದರು. ಒಂದು ಕೈಯಲ್ಲಿ ಎಸ್ಟೇಟಿನ ಕಿತ್ತಳೆ ನಾಲ್ಕು, ಇನ್ನೊಂದರಲ್ಲಿ ಚೆಕ್‌ರೋಲ್. ಬಾಗಿಲಲ್ಲೇ ನಿಂತು ಗೋಡೆಯ ರಟ್ಟನ್ನು ತಡವರಿಸದೆ ಓದಿದರು. ಆಮೇಲೆ ಅಂಗಿಯ ಜೇಬಿನಿಂದ ಒಂದು ಹಿಡಿ ಕಾಫಿ ಹಣ್ಣು ತೆಗೆದು ಮೇಜಿನ ಮೇಲೆ ಹರಡಿ, ಕೆಂಪು, ಅರೆಗೆಂಪು, ಹಸಿರು ಎಂದು ಮೂರು ಗುಡ್ಡೆ ಮಾಡಿ ತೋರಿಸಿದರು. ಗೇಟಿನ ಕುರ್ಚಿಯಲ್ಲಿ ಈಗ ಎಸ್ಟೇಟಿನ ನಾಯಿ ಮಲಗುತ್ತದಂತೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಸುಮ್ಮನೆ ಆ ಹಣ್ಣುಗಳನ್ನು ನೋಡುತ್ತ ಕೂತಿದ್ದೆ.

ಎಲ್ಲರ ರಕ್ತ ನೋಡುತ್ತೀರಿ, ನಿಮ್ಮದು ನೋಡಿಕೊಂಡಿದ್ದೀರಾ ಎಂದು ಅವರು ಕೇಳಿದರು. ನನ್ನ ಅಪ್ಪನಿಗೆ ಶುಗರು ಇತ್ತು, ನನಗೆ ಮೂವತ್ತೈದು, ಒಮ್ಮೆಯೂ ನೋಡಿಕೊಂಡಿರಲಿಲ್ಲ. ತಪ್ಪಿಸಿಕೊಳ್ಳಲು ಏನೋ ಹೇಳಿದೆ, ಮೇಸ್ತ್ರಿಗಳ ಹತ್ತಿರ ಅದು ನಡೆಯಲಿಲ್ಲ. ಬೆರಳು ಒರೆಸಿ ಚುಚ್ಚಿಕೊಂಡೆ. ಗ್ಲೂಕೋಮೀಟರನ್ನು ಅವರೇ ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಒಂದೊಂದೇ ಅಂಕಿ ಓದಿದರು.

"ಒಂದು, ನಾಕು, ಎಂಟು. ನೂರ ನಲವತ್ತೆಂಟು. ಬೆಳಿಗ್ಗೆ ಎಂತ ತಿಂದಿದ್ರಿ ಸಿಸ್ಟರೇ?"

"ಏನೂ ಇಲ್ಲ. ಖಾಲಿ ಹೊಟ್ಟೆ" ಎಂದೆ.

ಅವರು ನನ್ನ ಮುಖ ನೋಡಿದರು, ಆಮೇಲೆ ಮೇಜಿನ ಮೇಲಿದ್ದ ಫ್ಲಾಸ್ಕನ್ನು, ಅದರ ಪಕ್ಕದ ನನ್ನ ಲೋಟವನ್ನು. ತಳದಲ್ಲಿ ಇನ್ನೂ ಒಂದು ಗುಟುಕು ಬೆಲ್ಲದ ಕಾಫಿ ಉಳಿದಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಅವರು ಹೇಳಬಹುದಿತ್ತು, ಹೇಳಲಿಲ್ಲ. ಲೋಟ ಎತ್ತಿಕೊಂಡು ಹೊರಗೆ ಹೋಗಿ ತೊಳೆದು ತಂದರು. ಮೇಜಿನ ಮೇಲೆ ಬೋರಲು ಹಾಕಿಟ್ಟರು. ಚೆಕ್‌ರೋಲಿನ ಹೊಸ ಹಾಳೆ ತೆರೆದು, ತಲೆಯಲ್ಲಿ 'ಸಿಸ್ಟರ್' ಎಂದು ತಮ್ಮ ಕೈಯಾರೆ ಬರೆದರು.

"ನಾಳೆ ಬೆಳಿಗ್ಗೆ ಆರೂವರೆಗೆ ಬರ್ತೀನಿ" ಎಂದರು ಮೇಸ್ತ್ರಿಗಳು. "ಅಲ್ಲಿವರೆಗೆ ಲೋಟ ಹಿಂಗೇ ಇರ್ಲಿ."